ಅತ್ತೆಯ ಬಲಗೈಯೂ ಐದು ಸ್ಟಾರೂ

ಫೇಸ್‌ಬುಕ್ಕಿನಲ್ಲಿ ಜಗತ್ತಿಗೆಲ್ಲ ಬುದ್ಧಿ ಹೇಳುವ ನಾನು, ನಮ್ಮತ್ತೆ ಕಾಫಿ ಒಣಗಿಸುವ ಕಣದಲ್ಲಿ ಜಾರಿಬಿದ್ದು ಬಲಗೈ ಮಣಿಕಟ್ಟು ಊದಿಸಿಕೊಂಡ ದಿನ, ಯಾರಿಗೆ ತೋರಿಸುವುದೆಂದು ತಿಳಿಯದೆ ಜಗತ್ತನ್ನೇ ಕೇಳಿದೆ. ಜಗತ್ತು ಧಾರಾಳವಾಗಿ ಉತ್ತರಿಸಿತು. ಒಬ್ಬರು ಎಣ್ಣೆಯ ಹೆಸರು ಹೇಳಿದರೆ, ಇನ್ನೊಬ್ಬರು ಅದೇ ಎಣ್ಣೆ ಮಾರುವ ತಮ್ಮ ಭಾವನ ಹೆಸರು ಹೇಳಿದರು. ಐದು ಸ್ಟಾರಿನ ಮಸಾಜ್ ಕೇಂದ್ರವೊಂದನ್ನು ಹಲವರು ಹೊಗಳಿದ್ದರು. ಅದರ ರಿವ್ಯೂ ತೆಗೆದು ಓದಿದರೆ, ‘ವ್ಯೂ ಸೂಪರ್, ಪಾರ್ಕಿಂಗ್ ಆರಾಮ.’ ಅತ್ತೆಗೆ ಬೇಕಿದ್ದದ್ದು ಕೈ. ಅದಿಲ್ಲದಿದ್ದರೆ ತಲೆ ಬಾಚಿಸಿಕೊಳ್ಳಲೂ ಸೊಸೆಯ ಮುಂದೆ ಕೂರಬೇಕು. ನೋವಿಗಿಂತ ಆ ಭಯವೇ ಅವರಿಗೆ ದೊಡ್ಡದು.

ಸಂಸೆಯಿಂದ ಕಳಸಕ್ಕೆ ಜೀಪು ಓಡಿಸುವ ಸುರೇಶ ಮಾತ್ರ ನಕ್ಕ.

“ಕಾಮೆಂಟ್ ಹಾಕೋರಿಗೆ ಜನ ಹೋಗಿದ್ದಷ್ಟೇ ಗೊತ್ತು ಅಕ್ಕ. ಅವ್ರು ವಾಪಸ್ ಹೆಂಗೆ ಬಂದ್ರು ಅಂತ ನೋಡೋನು ನಾನು. ಮೂಳೆ ಕಟ್ಟೋ ಗಿರಿಜಕ್ಕನ ಹತ್ರ ಹೋಗನ, ಹತ್ತಿ.”

“ಅಷ್ಟು ಚೆನ್ನಾಗಿ ಕಟ್ತಾರಾ?”

“ಆಗದಿದ್ರೆ ಆಗಲ್ಲ ಅಂತಾರೆ. ಅದು ಮುಖ್ಯ.”

ಗಿರಿಜಕ್ಕ ಕೈಯನ್ನು ಮೆಲ್ಲಗೆ ಮುಟ್ಟಿ ನೋಡಿದರು. “ಇದು ನನ್ನ ಕೈಲಿ ಆಗದು. ಮುರಿದ ಹಂಗಿದೆ. ಚಿಕ್ಕಮಗಳೂರಿಗೆ ಹೋಗಿ ಎಕ್ಸ್‌ರೇ ತೆಗ್ಸಿ.”

“ಹಂಗಾದ್ರೆ ನೀನಿರೋದು ಎಂತಕ್ಕೆ ಮಾರಾಯ್ತಿ?” ಅತ್ತೆ ಸಿಡುಕಿದರು.

“ಇದನ್ನ ಹೇಳಕ್ಕೆ!” ಎಂದವರೇ ಅಡಿಕೆ ಹಾಳೆ ಕತ್ತರಿಸಿ, ಬಟ್ಟೆ ಸುತ್ತಿ, ಕೈ ಅಲುಗದಂತೆ ಕಟ್ಟಿ ಕಳಿಸಿದರು.

ಚಿಕ್ಕಮಗಳೂರಿನ ಡಾಕ್ಟರು ಎಕ್ಸ್‌ರೇ ನೋಡಿದರು, ಆ ಹಾಳೆಯನ್ನೂ ನೋಡಿದರು. “ಯಾರು ಕಟ್ಟಿದ್ದು? ಇಷ್ಟು ದೂರ ಬಂದ್ರೂ ಮೂಳೆ ಜರುಗಿಲ್ಲ.” ನಾನೇ ಕಟ್ಟಿದಂತೆ ಬೀಗಿದೆ. ಬೀಗದೆ ಇನ್ನೇನು? ನಮ್ಮ ಕಡೆ ಏನೂ ಇಲ್ಲವೆಂದು ಗೊಣಗುವವರಿಗೆ ನೇರವಾಗಿಯೇ ಹೇಳುತ್ತೇನೆ: ತನಗೆ ಎಷ್ಟು ಗೊತ್ತಿಲ್ಲ ಎಂಬುದು ಸರಿಯಾಗಿ ಗೊತ್ತಿರುವ ಒಬ್ಬ ಹೆಂಗಸು ನಮ್ಮಲ್ಲಿದ್ದಾರೆ. ಎಷ್ಟು ಊರುಗಳಲ್ಲಿ ಇಂಥವರು ಸಿಗುತ್ತಾರೆ?

ಪ್ಲಾಸ್ಟರ್ ಬಿಚ್ಚಿ, ಹೇಳಿಕೊಟ್ಟ ವ್ಯಾಯಾಮವನ್ನೆಲ್ಲ ಅತ್ತೆ ಬೈದುಕೊಂಡೇ ಮಾಡಿ ಎರಡು ತಿಂಗಳಾಗಿತ್ತು. ಅತ್ತೆಯ ಪ್ಲಾಸ್ಟರನ್ನು ಹಿಂದೆ ಕಂಡಿದ್ದ ಹೆಂಗಸೊಬ್ಬಳು ಜೀಪಿನಲ್ಲಿ ತನ್ನ ಊದಿದ ಕೈ ಹಿಡಿದು ಎದುರು ಕೂತು ಕೇಳಿದಳು, “ಅಮ್ಮಾ, ಕೈ ಎಲ್ಲಿ ತೋರ್ಸಿದ್ರಿ? ವಾಸಿ ಆಯ್ತಾ?”

ಅತ್ತೆ ಕುಲುಕುವ ಜೀಪಿನಲ್ಲೇ ತುರುಬು ಬಿಚ್ಚಿದರು. ಎರಡೂ ಕೈ ಮೇಲೆತ್ತಿ, ಒಂದು ಕೂದಲೂ ಸಡಿಲವಾಗದಂತೆ ಬಿಗಿಯಾಗಿ ಮತ್ತೆ ಕಟ್ಟಿದರು. ಆಮೇಲೆ ಹೇಳಿದರು:

“ಮೊದ್ಲು ಗಿರಿಜನ ಹತ್ರ ಹೋಗು. ಅವಳು ಬೇರೆ ಕಡೆ ಹೋಗು ಅಂದ್ರೆ, ನನ್ನಂಗೆ ಜಗಳ ಆಡ್ತಾ ಕೂರಬೇಡ.”