ಡೆಲ್ಫಾ ಕೋಗರ್ ಕೋವಿ ಕೊಂಡ ಗುರುವಾರ

ಅಳಿಲಿನ ತಲೆಗೆ ಬಿಟ್ಟು ಬೇರೆಲ್ಲಿಗಾದರೂ ಈಡು ಹೊಡೆದವರನ್ನು ಡೆಲ್ಫಾ ಕೋಗರ್ ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಮೈಗೆ ಬಿದ್ದ ಗುಂಡು ಮಾಂಸ ಕೆಡಿಸುತ್ತದೆ, ಕೂದಲನ್ನು ಒಳಕ್ಕೆ ತುರುಕುತ್ತದೆ, ಹಿಟ್ಟು ಬೆರೆಸಿ ಕುದಿಸಿದ ಗ್ರೇವಿ ಉಣ್ಣುವಾಗ ಹಲ್ಲಿಗೆ ಸೀಸ ಸಿಗುತ್ತದೆ. ಲಿಕ್ ಫೋರ್ಕ್ ಕಣಿವೆಯಲ್ಲಿ ಇದು ಎಲ್ಲರಿಗೂ ಗೊತ್ತು. ಆದರೆ ಗೊತ್ತಿರುವುದು ಬೇರೆ, ಮಾಡುವುದು ಬೇರೆ. ಕಲ್ಲಿದ್ದಲು ಗಣಿಯಲ್ಲಿದ್ದ ಅವಳ ಅಪ್ಪ, ಮಗಳಿಗೆ ಒಂಬತ್ತು ತುಂಬಿದ ವರ್ಷ ಒಂಟಿ ಈಡಿನ ಕೋವಿಯನ್ನೂ ಮೂರು ತೋಟಾಗಳನ್ನೂ ಕೊಟ್ಟು, "ಮೂರು ಅಳಿಲು ತಾ, ಇಲ್ಲಾ ಉಳಿದ ತೋಟಾ ತಾ. ನೆವ ಮಾತ್ರ ತರಬೇಡ" ಎಂದಿದ್ದ. ಐವತ್ತೊಂಬತ್ತು ವರ್ಷ ಅವಳು ನೆವ ತಂದವಳಲ್ಲ.

ಅಂಥವಳಿಗೆ ತಂಗಿಯ ಗಂಡ ವರ್ಲಿನ್ ಹ್ಯಾಮ್ರಿಕ್‌ನ ಕೋವಿಯನ್ನು ಕಂಡರೆ ಆಗುತ್ತಿರಲಿಲ್ಲ. ನಳಿಗೆಯ ಕೆಳಗೆ ಇನ್ನೊಂದು ಸಣ್ಣ ಕೊಳವೆ. ಅದರೊಳಗೆ ಸಾಲಾಗಿ ಹದಿನೈದು ತೋಟಾ. ಒಂದು ಹಾರಿದರೆ ಇನ್ನೊಂದು ತಾನಾಗಿಯೇ ಮೇಲೆ ಬಂದು ಕೂರುತ್ತದೆ. ಬೆರಳು ಎಳೆಯುತ್ತಿದ್ದರೆ ಸಾಕು. ವರ್ಲಿನ್ ಗುಡ್ಡ ಹತ್ತಿದನೆಂದರೆ ಬಾಣಲೆಯಲ್ಲಿ ಜೋಳ ಸಿಡಿದ ಹಾಗೆ ಸದ್ದು. ಸಂಜೆಗೆ ತರುತ್ತಿದ್ದದ್ದು ಹರಿದ ಚಿಂದಿ. "ಹದಿನೈದು ಸಲ ತಪ್ಪೋಕೆ ಹದಿನೈದು ತೋಟಾ ಬೇಕೇನೋ ನಿಂಗೆ? ಥೂ!" ಎಂದು ಇಪ್ಪತ್ತು ವರ್ಷ ಅವನ ಮುಖಕ್ಕೇ ಹೇಳಿದ್ದಳು, ಅದೂ ಊಟದ ಮೇಜಿನಲ್ಲಿ, ನಾಲ್ಕು ಜನ ಕೇಳುವ ಹಾಗೆ. ಬೇಟೆ ಮುಗಿದ ಮೇಲೂ ಆ ಕೋವಿಗೆ ಮನೆಯೊಳಗೆ ಜಾಗವಿರಲಿಲ್ಲ. ಅವನ ಟ್ರಕ್ಕಿನ ಸೀಟಿನ ಹಿಂದೆ ವರ್ಷವಿಡೀ ಅಡ್ಡಡ್ಡ ಬಿದ್ದಿರುತ್ತಿತ್ತು. ಹಿಡಿ ಅವನ ಕೈಗೆ ಸಿಗುವ ಹಾಗೆ ಇತ್ತ, ನಳಿಗೆಯ ಬಾಯಿ ಅತ್ತ.

ಈಗ ದೇವರು ಅವಳ ಮೇಲೆಯೇ ಹಗೆ ತೀರಿಸಿಕೊಂಡಿದ್ದ. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಹಂಡೆ ಎತ್ತಿದ ಕೈಗಳಿಗೆ ಗಂಟುವಾತ ಹಿಡಿದು, ಬೆರಳುಗಳು ಶುಂಠಿ ಬೇರಿನಂತೆ ಸೊಟ್ಟಗಾಗಿದ್ದವು. ಕಳೆದ ಶರತ್ಕಾಲದಲ್ಲಿ ಅಪ್ಪನ ಕೋವಿಯಲ್ಲಿ ನಳಿಗೆ ತೆರೆದು ಮುಚ್ಚುವ ಬೋಲ್ಟ್ ಎಳೆಯಲಾಗದೆ, ಹಿಕರಿ ಮರದ ಬುಡದಲ್ಲಿ ಕುಳಿತು, ತಲೆಯ ಮೇಲೆ ಕಾಯಿ ಕೊರೆಯುತ್ತಿದ್ದ ಅಳಿಲನ್ನು ಸುಮ್ಮನೆ ನೋಡಿ ಬಂದಿದ್ದಳು. ಆ ವಿಷಯ ಯಾರಿಗೂ ಹೇಳಿರಲಿಲ್ಲ. ವರ್ಲಿನ್‌ಗೆ ಹೇಗೋ ಗೊತ್ತಾಗಿತ್ತು.

ಅವನು ಚರ್ಚಿನಲ್ಲಿ ಹಿರಿಯ, ಕಾಣಿಕೆ ತಟ್ಟೆ ಹಿಡಿದು ಓಡಾಡುವವನು. ಹೋದ ಭಾನುವಾರ ಚರ್ಚಿನ ಸಾಮೂಹಿಕ ಊಟದಲ್ಲಿ ಕೋಳಿ ಕಾಲು ಚೀಪುತ್ತಾ ಎಲ್ಲರೆದುರು ಶುರು ಮಾಡಿದ್ದ. "ಶನಿವಾರ ಅಳಿಲು ಬೇಟೆ ಶುರು. ಡೆಲ್ಫಾ, ಈ ಸಲ ನೀನು ಅಡುಗೆಮನೇಲಿರಮ್ಮ. ಗ್ರೇವಿ ನೋಡ್ಕೋ. ಕೈ ನೆಟ್ಟಗಿಲ್ಲದೋರು ನನ್ನ ಗುಡ್ಡಕ್ಕೆ ಕೋವಿ ತರೋದು ಬೇಡ. ನಾಳೆ ಯಾರಿಗಾದ್ರೂ ತಗುಲಿದ್ರೆ? ಸುರಕ್ಷತೆ ಮೊದಲು, ಅಲ್ವಾ?"

ನಾಲ್ಕು ಗಂಡಸರು ಹೌದೌದೆಂದು ತಲೆಯಾಡಿಸಿದರು. ನನ್ನ ಗುಡ್ಡವಂತೆ! ಅದು ಅಪ್ಪ ಓಮಾಳ ಹೆಸರಿಗೆ ಬರೆದ ಗುಡ್ಡ. ಓಮಾ ಎಂದರೆ ಡೆಲ್ಫಾಳ ತಂಗಿ, ವರ್ಲಿನ್‌ನ ಹೆಂಡತಿ, ಮೂತ್ರಪಿಂಡ ಕೈಕೊಟ್ಟು ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಯಂತ್ರಕ್ಕೆ ರಕ್ತ ಕೊಟ್ಟು ತೆಗೆದುಕೊಂಡು ಬದುಕುತ್ತಿದ್ದವಳು. ಅವಳು ತಟ್ಟೆಯತ್ತ ನೋಡುತ್ತಾ ಕುಳಿತಿದ್ದಳು. ಡೆಲ್ಫಾ ತಟ್ಟೆ ಎತ್ತಿಕೊಂಡು ಎದ್ದಳು. ಕೈ ನೆಟ್ಟಗಿಲ್ಲದಿದ್ದುದು ನಿಜ. ನಿಜವನ್ನು ಅಯೋಗ್ಯನ ಬಾಯಿಂದ ಕೇಳುವಷ್ಟು ಅಸಹ್ಯ ಇನ್ನೊಂದಿಲ್ಲ.

ಮನೆಗೆ ಬಂದು ಮೂರು ದಿನ ಯೋಚಿಸಿದಳು. ಒಂದು ಸಲ ಅಡುಗೆಮನೆಯಲ್ಲಿ ಕುಳಿತರೆ ಮತ್ತೆ ಅಲ್ಲಿಂದ ಯಾರೂ ಎಬ್ಬಿಸುವುದಿಲ್ಲ. ಮುಂದಿನ ವರ್ಷ ಕರೆಯುವುದೂ ಇಲ್ಲ. ಗುಡ್ಡ ಬಿಟ್ಟರೆ ಅವಳಿಗೆ ಉಳಿಯುವುದು ಟಿವಿ ಮತ್ತು ಮೊಣಕಾಲಿಗೆ ತಿಕ್ಕುವ ಎಣ್ಣೆ. ಪ್ರತಿ ಈಡಿಗೂ ಬೋಲ್ಟ್ ಎಳೆಯದೆ ಹಾರಿಸಬಹುದಾದ ಕೋವಿ ಬೇಕು ಎಂದರೆ ಒಂದೇ ಜಾತಿ: ಅವಳು ಇಪ್ಪತ್ತು ವರ್ಷ ಉಗಿದ ಜಾತಿ. ಉಗುಳಿದ್ದನ್ನೇ ನೆಕ್ಕುವ ಕಾಲ ಬಂತಲ್ಲ ಎಂದು ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು. ಆದರೂ ಗುರುವಾರ ಬೆಳಿಗ್ಗೆ ಪಟ್ಟಣದ ಕೋವಿ ಅಂಗಡಿಗೆ ಹೊರಟಳು.

ಅಂಗಡಿಯೆಂಬುದು ಅವಳ ಕಣ್ಣಿಗೆ ಕಸದ ಗುಡ್ಡೆ. ಮರ, ಉಕ್ಕು ಎಂಬ ಮಾತೇ ಇಲ್ಲ. ಎಲ್ಲೆಲ್ಲೂ ಕರಿ ಪ್ಲಾಸ್ಟಿಕ್ಕು, ಯುದ್ಧಕ್ಕೆ ಹೊರಟವರಂತೆ ಮೀಸೆ ತಿರುವುವ ಗಂಡಸರ ಚಿತ್ರಗಳು. ಅಳಿಲು ಯಾವ ದೇಶದ ಸೈನಿಕನಪ್ಪಾ! ಕೌಂಟರಿನ ಹಿಂದೆ ಬ್ರ್ಯಾಂಟ್ ಎಂಬ ದಾಡಿಯವನು ನಿಂತಿದ್ದ.

"ಮೊಮ್ಮಗನಿಗೇನಜ್ಜಿ?"

"ನಂಗೆ."

ಅವನು ನಕ್ಕು ಒಳಗಿಂದ ಗುಲಾಬಿ ಬಣ್ಣದ್ದೊಂದನ್ನು ತಂದಿಟ್ಟ. "ಹೆಂಗಸರು ಇದನ್ನ ತುಂಬ ಇಷ್ಟಪಡ್ತಾರೆ."

"ಯಾವ ಹೆಂಗಸರು? ಅವರನ್ನ ಕರಿ, ನೋಡ್ತೀನಿ. ಒಳಗಿಡಪ್ಪಾ ಅದನ್ನ, ವಾಂತಿ ಬರುತ್ತೆ."

ಮುಂದಿನದು ಕರಿಯದು, ಕೆಳಗಿನಿಂದ ಡಬ್ಬಿ ಸಿಕ್ಕಿಸುವಂಥದ್ದು. ಡಬ್ಬಿಯೊಳಗಿನ ಸ್ಪ್ರಿಂಗನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ತೋಟಾ ತುಂಬಬೇಕು. ಬ್ರ್ಯಾಂಟ್ ಕೊಟ್ಟ ಹುಸಿ ತೋಟಾಗಳಲ್ಲಿ ಮೂರನ್ನು ಹೇಗೋ ತುರುಕಿದಳು. ನಾಲ್ಕನೆಯದಕ್ಕೆ ಹೆಬ್ಬೆರಳು ನೋವಿನಿಂದ ಕಣ್ಣಲ್ಲಿ ನೀರು ತರಿಸಿತು. ಅವನಿಗೆ ಕಾಣದಿರಲೆಂದು ಆಚೆ ತಿರುಗಿ ಮೂಗೊರೆಸಿಕೊಂಡಳು.

"ಇದಾಗಲ್ಲ. ಕೊಳವೇದು ತೋರ್ಸು. ಅದಕ್ಕಾದ್ರೆ ಮೇಲಿಂದ ಸುರಿದ್ರೆ ಸಾಕು, ತಾವೇ ಜಾರ್ಕೊಂಡು ಹೋಗ್ತವೆ."

"ಅದನ್ನ ಈಗ ಯಾರೂ ಕೇಳಲ್ಲಜ್ಜಿ. ಹಳೇ ಕಾಲದ್ದು."

"ನಾನೂ ಹಳೇ ಕಾಲದೋಳೇ. ತೋರ್ಸು."

ಹೊಸದೊಂದಿತ್ತು. ಕೊಳವೆಯ ಮುಚ್ಚಳ ತಿರುಗಿಸಲು ಇಕ್ಕಳ ಬೇಕಾಗುವಷ್ಟು ಬಿಗಿ, ತೂಕವೋ ರೈಲು ಕಂಬಿಯದು. ಅದನ್ನೂ ತಳ್ಳಿದಳು. ಆಗ ಬ್ರ್ಯಾಂಟ್ ನಿಟ್ಟುಸಿರು ಬಿಟ್ಟು, "ಇವತ್ತು ಬೆಳಿಗ್ಗೆ ತಾನೇ ಒಂದು ಹಳೇದು ಬಂತು. ಕೊಟ್ಟೋರು ಕರೀದೊಂದು ತಗೊಂಡು ಹೋದ್ರು" ಎನ್ನುತ್ತಾ ಗೋಡೆಯಿಂದ ಒಂದನ್ನು ಇಳಿಸಿದ.

ಮರದ ಹಿಡಿ. ಅದರ ಮೇಲೆ ಕಾಯಿಸಿದ ಮೊಳೆಯಿಂದ ಸುಟ್ಟು ಬರೆದ ಎರಡಕ್ಷರ. ಡೆಲ್ಫಾ ಕನ್ನಡಕ ಸರಿ ಮಾಡಿಕೊಳ್ಳಬೇಕಾಗಿಯೇ ಇರಲಿಲ್ಲ. ಇಪ್ಪತ್ತು ವರ್ಷ ಯಾವುದನ್ನು ಉಗಿದಿದ್ದಳೋ ಅದೇ, ವರ್ಲಿನ್‌ನದೇ. ಇದಕ್ಕಿಂತ ಗುಲಾಬಿಯದೇ ವಾಸಿ ಎನ್ನಿಸಿತು ಒಂದು ಕ್ಷಣ. ಆದರೆ ಹಗುರವಾಗಿತ್ತು. ಮುಚ್ಚಳ ಬಳಸಿ ಬಳಸಿ ಸಡಿಲವಾಗಿ, ಸೊಟ್ಟ ಬೆರಳಿಗೂ ತಿರುಗುವಂತಿತ್ತು.

ಬ್ರ್ಯಾಂಟ್ ಕೊಳವೆ ಎಳೆದು, ಬಾಗಿಸಿ, ಅಲ್ಲಾಡಿಸಿ ತೋರಿಸಿದ. "ನೋಡಿ, ಖಾಲಿ."

"ಬೋಲ್ಟ್ ಎಳೆದು ನೋಡಿದ್ಯಾ?"

"ಅವರು ಚರ್ಚಿನ ಹಿರಿಯರಜ್ಜಿ. ಖಾಲಿ ಮಾಡಿಟ್ಟು ಹತ್ತು ತಿಂಗಳಾಯ್ತು, ಮುಟ್ಟೇ ಇಲ್ಲ, ಟ್ರಕ್ಕಲ್ಲೇ ಇತ್ತು ಅಂದ್ರು."

ಡೆಲ್ಫಾ ಕೋವಿಯ ಬಾಯಿಯನ್ನು ಮೂಲೆಯ ಮರಳ ಚೀಲದತ್ತ ಹಿಡಿದು, ಎರಡೂ ಕೈಯ ಬೆರಳು ಕೊಕ್ಕೆ ಮಾಡಿ, ಹಲ್ಲು ಕಚ್ಚಿ ಬೋಲ್ಟ್ ಎಳೆದಳು. ಹಳೆಯ ಬೋಲ್ಟು ಸಲೀಸಾಗಿ ಬಂತು. ನಳಿಗೆಯಿಂದ ಒಂದು ತೋಟಾ ಹಾರಿ ಗಾಜಿನ ಕೌಂಟರಿನ ಮೇಲೆ ಟಿಣ್ಣೆಂದು ಬಿದ್ದು ಉರುಳತೊಡಗಿತು. ಹುಸಿಯಲ್ಲ, ಜೀವಂತ ತೋಟಾ.

ಬ್ರ್ಯಾಂಟ್‌ನ ಮುಖ ಸುಣ್ಣದಂತಾಯಿತು. ಕೊಳವೆ ಖಾಲಿ ಮಾಡಿ ಕೋವಿ ಖಾಲಿಯಾಯಿತೆಂದುಕೊಳ್ಳುವುದು, ನಳಿಗೆಯೊಳಗೆ ಹತ್ತಿ ಕುಳಿತ ಕೊನೆಯದನ್ನು ಮರೆಯುವುದು ಈ ಜಾತಿಯ ಕೋವಿ ಹಿಡಿದ ಸೋಮಾರಿಗಳ ಹಳೆಯ ರೋಗ. ತೋಟಾಗಳನ್ನು ಟೋಪಿಗೆ ಸುರಿದುಕೊಂಡು, ಎಣಿಸದೆ ಜೇಬಿಗಿಳಿಸಿ, ಗ್ರೇವಿಯ ವಾಸನೆ ಹಿಡಿದು ಓಡುವವರ ರೋಗ.

ಡೆಲ್ಫಾಗೆ ಮೊದಲು ಬಂದದ್ದು ನಗು. ಸಿಕ್ಕಿಬಿದ್ದೆಯಲ್ಲೋ ಸುರಕ್ಷತೆಯ ದೊರೆ! ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಆಮೇಲೆ ಹತ್ತು ತಿಂಗಳೆಂಬ ಮಾತು ಒಳಗಿಳಿಯಿತು. ಸೀಟಿನ ಹಿಂದೆ ಅಡ್ಡಡ್ಡ. ಹಿಡಿ ಅವನತ್ತ. ಬಾಯಿ ಅತ್ತ. ಅತ್ತ ಕೂರುವವಳು ಓಮಾ. ವಾರಕ್ಕೆ ಮೂರು ಸಲ, ಹೊಂಡ ಬಿದ್ದ ಕಣಿವೆ ದಾರಿಯಲ್ಲಿ ಕುಲುಕಾಡುತ್ತಾ, ಹೋಗುವಾಗ ಬಳಲಿ, ಬರುವಾಗ ನಿದ್ದೆ ಹೋಗಿ. ನಗು ನಿಂತಿತು. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತುಕೊಂಡಳು.

"ನೀರು ಕೊಡ್ಲಾ ಅಜ್ಜಿ?" ಎಂದ ಬ್ರ್ಯಾಂಟ್.

"ಬೇಡ. ಈ ಕೋವಿ ಕೊಡು. ಕಾಗದ ತಾ, ತುಂಬ್ತೀನಿ."

"ಇದೇನಾ?"

"ಕೋವೀದೇನಪ್ಪಾ ತಪ್ಪು? ತಪ್ಪು ಅದನ್ನ ಹಿಡಿದೋನ ಕೈಯದು."

ಸರ್ಕಾರದ ಕಾಗದ ತುಂಬಿ, ಒಪ್ಪಿಗೆ ಬರುವವರೆಗೆ ಕಾದು, ಕೋವಿಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಕಾರಿನ ಹಿಂಬದಿಯ ಪೆಟ್ಟಿಗೆಯಲ್ಲಿಟ್ಟಳು. ತೋಟಾವನ್ನು ಮಾತ್ರ ಮುಷ್ಟಿಯಲ್ಲೇ ಹಿಡಿದು ನೇರ ತಂಗಿಯ ಮನೆಗೆ ಹೋದಳು.

ವರ್ಲಿನ್ ಅಡುಗೆಮನೆಯ ಮೇಜಿನ ಮೇಲೆ ಹೊಸ ಕರಿಯ ಕೋವಿಯನ್ನು ಮಗುವಿನಂತೆ ಒರೆಸುತ್ತಿದ್ದ. ಓಮಾ ಕಿಟಕಿಯ ಬಳಿ ಕುಳಿತು ಬೀನ್ಸ್ ಮುರಿಯುತ್ತಿದ್ದಳು.

"ಬಾ ಡೆಲ್ಫಾ. ಗ್ರೇವಿಗೆ ಹಿಟ್ಟು ತರ್ತೀಯೋ, ನಾನೇ ತರ್ಲೋ?"

ಡೆಲ್ಫಾ ತೋಟಾವನ್ನು ಅವನ ಮುಂದಿಟ್ಟಳು. "ನಿನ್ನ ಹಳೇ ಕೋವಿ ಹೊಟ್ಟೇಲಿತ್ತು. ಅಂಗಡೀಲಿ ನಾನೇ ತೆಗ್ದೆ, ಈ ಸೊಟ್ಟ ಕೈಯಲ್ಲಿ."

"ಸುಳ್ಳು. ಟೋಪಿಗೆ ಸುರ್ಕೊಂಡಿದ್ದೆ, ಎಲ್ಲಾ."

"ಬೋಲ್ಟ್ ಎಳೆದ್ಯೇನೋ?"

ಅವನು ಒರೆಸುವ ಬಟ್ಟೆಯನ್ನು ಮಡಿಸಿದ, ಬಿಡಿಸಿದ. "ಸೇಫ್ಟಿ ಚಿಲಕ ಹಾಕಿತ್ತು ಕಣೇ. ಏನೂ ಆಗ್ಲಿಲ್ವಲ್ಲ ಈಗ! ಒಂದು ತೋಟಾಗೆ ಇಷ್ಟು ರಂಪಾನಾ?"

ಡೆಲ್ಫಾ ದಾರಿಯುದ್ದಕ್ಕೂ ಬೈಗುಳ ಕಟ್ಟಿಕೊಂಡು ಬಂದಿದ್ದಳು. ಆ ಮುಖ ನೋಡಿ, ಇವನಿಗೆ ಬೈದು ನಾಲಿಗೆ ಹೊಲಸು ಮಾಡಿಕೊಳ್ಳುವುದೂ ಬೇಡವೆನಿಸಿತು.

ಓಮಾ ಬೀನ್ಸಿನ ಬೋಗುಣಿ ಕೆಳಗಿಟ್ಟು ಎದ್ದು ಬಂದಳು. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಕೈಯಿಂದ ತೋಟಾವನ್ನು ಎತ್ತಿ ಬೆಳಕಿಗೆ ಹಿಡಿದಳು. ಇನ್ನೊಂದು ಕೈ ತಾನಾಗಿಯೇ ಕತ್ತಿನ ಹಿಂಬದಿಗೆ ಹೋಯಿತು, ಟ್ರಕ್ಕಿನಲ್ಲಿ ಸೀಟಿಗೆ ಒರಗುವ ಜಾಗಕ್ಕೆ.

"ವರ್ಲಿನ್, ಆ ಗುಡ್ಡ ಯಾರ ಹೆಸರಲ್ಲಿದೆ?"

"ಏನೇ ಅದು, ಈಗ್ಯಾಕೆ ಆ ಮಾತು..."

"ಯಾರ ಹೆಸರಲ್ಲಿದೆ?"

"ನಿಂದೇ."

ಓಮಾ ತೋಟಾವನ್ನು ಅಕ್ಕನ ಸೊಟ್ಟ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

"ಶನಿವಾರ ಬೆಳಗ್ಗೆ ನೀನು ಗುಡ್ಡ ಹತ್ತಕ್ಕಾ. ಇದರಲ್ಲೇ ಮೊದಲನೇ ಅಳಿಲು ಹೊಡಿ, ತಲೆಗೆ" ಎಂದಳು. ಆಮೇಲೆ ಗಂಡನತ್ತ ತಿರುಗಿದಳು. "ಹಿಟ್ಟು ನೀನೇ ತಾ. ಗ್ರೇವಿ ಗಂಟಾಗದ ಹಾಗೆ ಕಲಕು."