ಬಲಗುಂಡಿ ಒತ್ತಿದರೆ

ಅವರ ಬಲಗೈ ಯಾವಾಗಲೂ ಜುಬ್ಬಾದ ಜೇಬಿನಲ್ಲೇ ಇರುತ್ತಿತ್ತು. ಹರೆಯದಲ್ಲಿ ಲೇತ್ ಯಂತ್ರಕ್ಕೆ ಸಿಕ್ಕಿ ಮೂರು ಬೆರಳು ಹೋಗಿದ್ದವು. ಶಿರಾದಲ್ಲಿ ನನ್ನ ಜೆರಾಕ್ಸ್ ಅಂಗಡಿಗೆ ಒತ್ತಿಕೊಂಡೇ ಅವರ ಕಬ್ಬಿಣದ ಸಾಮಾನಿನ ಅಂಗಡಿ. ಎಲ್ಲರಿಗೂ ಅವರು ಚಾಚಾ.

ಎಡಗೈಯಲ್ಲಿ ಏನನ್ನೂ ಯಾರ ಕೈಗೂ ಕೊಟ್ಟವರಲ್ಲ. ಮೊಳೆ, ಬೀಗ, ತಿರುಪು, ಏನೇ ಕೇಳಿದರೂ ಡಬ್ಬಿಯಿಂದ ತೆಗೆದು ಹಲಗೆಯ ಮೇಲಿಟ್ಟು, "ಎತ್ಕೊಳಪ್ಪ, ಎಡಗೈ ಅಂತ ಬೇಜಾರು ಮಾಡ್ಕೋಬ್ಯಾಡ" ಎನ್ನುತ್ತಿದ್ದರು.

ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನನಗೆ ಕಂಪ್ಯೂಟರ್ ಆಟಗಳ ಗೀಳು. ಯಾರೋ ಮಾಡಿಟ್ಟ ಆಟಕ್ಕೆ ನಮ್ಮದೊಂದಿಷ್ಟು ಸೇರಿಸಿ ಬದಲಿಸುವುದನ್ನು ‘ಮಾಡ್’ ಎನ್ನುತ್ತಾರೆ. ಅಂಥದ್ದೊಂದು ಮಾಡ್‌ನಲ್ಲಿ ಚಾಚಾನ ಅಂಗಡಿಯನ್ನೇ ಇಳಿಸಿದೆ. ಗೋಡೆಯ ಡಬ್ಬಿಗಳೆಲ್ಲ ಆಟದ ಸಾಮಾನಿನ ಚೌಕಗಳಾದವು. ಸಾಮಾನಿನ ಮೇಲೆ ಮೌಸಿನ ಎಡಗುಂಡಿ ಒತ್ತಿದರೆ ಗೊಂಬೆ ಚಾಚಾ ಅದನ್ನು ಹಲಗೆಯ ಮೇಲಿಡುತ್ತಿದ್ದರು. ಬಲಗುಂಡಿ ಒತ್ತಿದರೆ ಏನಾಗಬೇಕು? ಅಲ್ಲಿ ನನ್ನ ಬುದ್ಧಿಗೆ ಮಂಕು ಬಡಿಯಿತು. ಮಂಕು ಎಂದರೆ ತಪ್ಪಿಸಿಕೊಂಡಂತಾಯಿತು, ಅದು ಕೊಬ್ಬು. "ಬಲಗೈ ರಜೆಯಲ್ಲಿದೆ!" ಎಂಬ ಸಾಲು ಮೂಡುವಂತೆ ಬರೆದೆ. ಗೆಳೆಯರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಒಂದು ಮಧ್ಯಾಹ್ನ ಜೆರಾಕ್ಸ್ ಮಾಡಿಸಲು ಬಂದ ಚಾಚಾ ಪರದೆಯ ಮೇಲೆ ತಮ್ಮ ಅಂಗಡಿ ಕಂಡು ಹಿಗ್ಗಿಹೋದರು. "ಅರೇ, ನಂದೇ ಕಣಯ್ಯ! ಆ ತುಕ್ಕು ಹಿಡಿದಿರೋ ಡಬ್ಬಿನೂ ಬುಟ್ಟಿಲ್ವಲ್ಲ!" ಎನ್ನುತ್ತ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಎಡಗೈಯಲ್ಲಿ ಮೌಸ್ ಹಿಡಿದವರ ತೋರುಬೆರಳು ಬಲಗುಂಡಿಯ ಮೇಲೇ ಕೂರುತ್ತದೆ. ಇದು ನನಗೆ ಹೊಳೆದದ್ದು ಅವರು ಒತ್ತಿದ ಮೇಲೆ.

ನಿಧಾನವಾಗಿ ಓದಿಕೊಂಡರು. ನಗಲಿಲ್ಲ, ಬೈಯಲೂ ಇಲ್ಲ.

"ಆಟದಾಗೂ ಇಂಗೇನಾ? ಅಲ್ಲಾದ್ರೂ ಬಲಗೈಲಿ ಕೊಡಂಗೆ ಮಾಡಕ್ಕಾಗಲ್ವೇನಪ್ಪ?"

"ಆಗುತ್ತೆ ಚಾಚಾ, ನಾಳೆನೇ ಮಾಡ್ಬುಡ್ತೀನಿ" ಎಂದೆ, ನೆಲ ನೋಡುತ್ತ.

ಮಾಡಲಿಲ್ಲ. ಕಡತ ತೆರೆದರೆ ನಾನು ಬರೆದ ಸಾಲೇ ಕಣ್ಣಿಗೆ ಬೀಳುತ್ತಿತ್ತು, ಮುಚ್ಚಿಬಿಡುತ್ತಿದ್ದೆ. ಚಾಚಾ ಮತ್ತೆ ಕೇಳಲಿಲ್ಲ. ಅಂಗಡಿಗೆ ಬಂದಾಗ ಪರದೆಯತ್ತ ನೋಡುತ್ತಲೂ ಇರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಎದೆನೋವು ಬಂದು ತೀರಿಕೊಂಡರು.

ಮಣ್ಣು ಕೊಟ್ಟು ಬಂದ ದಿನವೇ ಕೂತು ಬದಲಿಸಿದೆ. ಕಾಲು ಗಂಟೆಯ ಕೆಲಸ. ಈಗ ಬಲಗುಂಡಿ ಒತ್ತಿದರೆ ಗೊಂಬೆ ಚಾಚಾ ಜೇಬಿನಿಂದ ಬಲಗೈ ತೆಗೆದು, ಐದೂ ಬೆರಳು ಬಿಚ್ಚಿ, ಬೀಗವನ್ನು ನನ್ನ ಕೈಗೇ ಕೊಡಲು ಬರುತ್ತಾರೆ. ಈಸಿಕೊಳ್ಳಲು ನಾಚಿಕೆಯಾಗಿ, "ಹಲಗೆ ಮೇಲೇ ಇಟ್ಬುಡಿ ಚಾಚಾ" ಎಂದುಬಿಡುತ್ತೇನೆ.