ಬ್ರೆಡ್ ಪಲ್ಯ ತಿಂದು ಸಂಬಂಧ ಉಳಿಸಿಕೊಂಡದ್ದು

ಹರಪನಹಳ್ಳಿಯ ಬಸ್‌ಸ್ಟ್ಯಾಂಡಿನ ಹಿಂದೆ, ಬಟ್ಟೆ ಅಂಗಡಿಗೂ ಸೈಕಲ್ ಅಂಗಡಿಗೂ ನಡುವೆ, ಒಬ್ಬರು ಓರೆಯಾಗಿ ನುಗ್ಗುವಷ್ಟು ಬಾಗಿಲಿನ ಒಂದು ಹೋಟೆಲಿತ್ತು. ಬೋರ್ಡಿರಲಿಲ್ಲ. ಊರಿನವರೇ ಎಷ್ಟೋ ಜನ ಅದನ್ನು ಬಟ್ಟೆ ಅಂಗಡಿಯ ಗೋದಾಮು ಎಂದುಕೊಂಡಿದ್ದರು. ದಾವಣಗೆರೆಯಲ್ಲಿ ಕೆಲಸ ಕಲಿತು ಬಂದಿದ್ದ ಮಾಲೀಕರು ಎರಡು ಬ್ರೆಡ್ಡಿನ ನಡುವೆ ಆಲೂಗಡ್ಡೆ ಪಲ್ಯ, ಹಸಿಮೆಣಸಿನಕಾಯಿ ಖಾರ ಮೆತ್ತಿ, ದೋಸೆ ಹಂಚಿನ ಮೇಲೆ ಬೆಣ್ಣೆ ಹಾಕಿ ಒತ್ತಿ ಸುಡುತ್ತಿದ್ದರು. ಸ್ಯಾಂಡ್‌ವಿಚ್ ಎಂಬ ಹೆಸರು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಅಲ್ಲಿ ಅದು ಬ್ರೆಡ್ ಪಲ್ಯ.

ಎಪ್ಪತ್ತರ ದಶಕದ ಕೊನೆ. ಯಾರ ಆಸರೆಯೂ ಇಲ್ಲದೆ ನಾನು ಹುಣಸೆಹಣ್ಣಿನ ವ್ಯಾಪಾರಕ್ಕೆ ಇಳಿದಿದ್ದೆ. ಸಂತೆಯ ದಿನ ಮಧ್ಯಾಹ್ನ ನನ್ನ ಊಟ ಅದೇ. ಹೊಸದಾಗಿ ವ್ಯಾಪಾರಕ್ಕೆ ಬರುವವರಿಗೆ ಈಗಲೂ ಹೇಳುತ್ತೇನೆ: ಹೊಟ್ಟೆ ಬಿರಿಯುವಷ್ಟು ಮುದ್ದೆ ಉಂಡು ರೇಟು ಮಾತಾಡಲು ಕೂರಬೇಡಿ. ಕಣ್ಣು ಎಳೆಯುತ್ತದೆ, ಎದುರಿನವನು ಅದನ್ನೇ ಕಾಯುತ್ತಿರುತ್ತಾನೆ.

ಆದರೆ ಆಗ ನಮ್ಮ ಕಡೆ ಬ್ರೆಡ್ಡೆಂದರೆ ಜ್ವರ ಬಂದವರ ಆಹಾರ, ಆಸ್ಪತ್ರೆಗೆ ನೋಡಲು ಹೋಗುವವರು ಕೈಯಲ್ಲಿ ಹಿಡಿದು ಹೋಗುವ ವಸ್ತು. ಅದು ನನ್ನ ಗಮನಕ್ಕೆ ಬರಲಿಲ್ಲ. ನೀಲಗುಂದದ ಹುಡುಗಿಯನ್ನು ನೋಡಿ ಬಂದಿದ್ದೆ, ಮನಸ್ಸಿಗೆ ಬಹಳ ಹಿಡಿಸಿದ್ದಳು. ನಿಶ್ಚಯವಷ್ಟೇ ಬಾಕಿ. ಅಷ್ಟರಲ್ಲಿ ಸಂತೆಗೆ ಬಂದ ಅವಳ ಸೋದರಮಾವ, ನಾನು ಬ್ರೆಡ್ಡು ತಿನ್ನುವುದನ್ನು ಎರಡು ವಾರ ಬಾಗಿಲಾಚೆಯಿಂದ ಕಂಡರಂತೆ. ಮಾತುಕತೆ ಅಲ್ಲಿಗೇ ನಿಂತಿತು.

“ಹುಡುಗಗ ಒಳಗೇನೋ ಜಡ್ಡು ಐತಿ ಅಂತ ಹೇಳಿ ಕಳಿಸ್ಯಾರ” ಎಂದು ಅವ್ವ ನನ್ನ ಮೇಲೆ ಹರಿಹಾಯ್ದಳು. “ನನ್ನ ಕೈಯಾಗಿನ ರೊಟ್ಟಿಗೆ ಏನಾಗಿತ್ತಲೇ ನಿನಗ?”

ಡಾಕ್ಟರ ಚೀಟಿ ತಂದು ತೋರಿಸು ಎಂದು ಅಣ್ಣ ಹೇಳಿದ. ನಾನು ಒಪ್ಪಲಿಲ್ಲ. ಚೀಟಿ ಕಂಡರೆ ಅನುಮಾನ ಇನ್ನೂ ಬಲಿಯುತ್ತದೆ. ಮಾಲಿನ ಮೇಲೆ ಸಂಶಯ ಬಂದಾಗ ಆಣೆ ಪ್ರಮಾಣ ಮಾಡಬಾರದು, ಮೂಟೆ ಬಿಚ್ಚಿ ಕೈಗೆ ಕೊಡಬೇಕು.

ಮುಂದಿನ ಸಂತೆಯಲ್ಲಿ ಆ ಸೋದರಮಾವನನ್ನು ಹುಡುಕಿ, ಚಹಾ ಕುಡಿಯೋಣ ಬರ್ರಿ ಎಂದು ಅದೇ ಹೋಟೆಲಿಗೆ ಕರೆತಂದೆ. ನಮ್ಮಿಬ್ಬರಿಗೂ ಒಂದೊಂದು ಬ್ರೆಡ್ ಪಲ್ಯ ಹೇಳಿದೆ, ಖಾರ ಜಾಸ್ತಿ ಹಾಕಿಸಿ.

“ನನಗೇನು ಜ್ವರ ಬಂದೈತೇನು ತಮ್ಮಾ?” ಎಂದು ತಟ್ಟೆ ದೂಡಿದರು.

“ನನಗೂ ಬಂದಿಲ್ರಿ. ಒಂದು ತುತ್ತು ತಿಂದು ನೋಡ್ರಿ. ಜಡ್ಡಿನವರ ಹೊಟ್ಟಿ ಇದನ್ನ ತಡಿತೈತೇನು ಅಂತ ನೀವೇ ಹೇಳ್ರಿ.”

ಒಂದು ತುತ್ತಿಗೆ ಅವರ ಮೂಗಿನಲ್ಲಿ ನೀರು. ಟವೆಲಿನಿಂದ ಒರೆಸಿಕೊಂಡು ಇನ್ನೊಂದು ತುತ್ತು ಮುರಿದರು. ಹಂಚಿನ ಮುಂದಿದ್ದ ಮಾಲೀಕರು, “ಇವರು ಪ್ರತಿ ಸಂತಿಗೂ ಇದಕ್ಕಿಂತ ಖಾರ ಕೇಳ್ತಾರ್ರಿ, ನನ್ನ ಮೆಣಸಿನಕಾಯಿ ಬುಟ್ಟಿ ಬರಿದು ಮಾಡ್ಯಾರ” ಎಂದರು. ನಾನು ಹೇಳಿಕೊಟ್ಟ ಮಾತಲ್ಲ ಅದು.

ಸೋದರಮಾವ ತಮ್ಮದನ್ನು ಮುಗಿಸಿ ನನ್ನ ಪಾಲಿನದನ್ನೂ ಮುಗಿಸಿದರು. ನಾನು ಮದುವೆಯ ಮಾತೇ ಎತ್ತಲಿಲ್ಲ. ಇಂಥ ಹೊತ್ತಿನಲ್ಲಿ ಬಾಯಿ ಬಿಟ್ಟವನು ಕೆಟ್ಟ. ಕೊನೆಗೆ ಅವರೇ, “ನಾನೇನೋ ಒಪ್ಪಿದೆ. ಹುಡುಗಿಗೂ ಅನುಮಾನ ಐತಲ್ಲ. ಆಕಿಗೊಂದು ಕಟ್ಟಿಸು” ಎಂದರು. ಪೇಪರಿನಲ್ಲಿ ಸುತ್ತಿಸಿ ಕೊಟ್ಟೆ.

ಆ ವಾರವೆಲ್ಲ ನನ್ನ ಹುಣಸೆಹಣ್ಣಿನ ಮೇಲೆ ನನಗೆ ಧ್ಯಾನವಿರಲಿಲ್ಲ.

ಎಂಟು ದಿನಕ್ಕೆ ಸೋದರಮಾವ ನಮ್ಮ ಮನೆಗೇ ಬಂದರು. ಅವ್ವನ ಮುಂದೆ ಕೂತು, “ನಮ್ಮ ಹುಡುಗಿ ತಿಂದು ಏನಂದ್ಲು ಗೊತ್ತೇನ್ರಿ? ಪಲ್ಯಕ್ಕ ಉಪ್ಪು ಸಾಲದು, ಒಗ್ಗರಣಿ ಹಸಿ ಹಸಿ, ಸಂತಿ ದಿನ ನಾನೇ ಕಟ್ಟಿ ಕೊಡ್ತೀನಿ ಅಂತ ಹೇಳು ಅಂದ್ಲು” ಎಂದರು.

ಚೌಕಾಸಿಗೆ ಜಾಗವೇ ಇರಲಿಲ್ಲ. ಅವ್ವ ವೀಳ್ಯದೆಲೆಯ ತಟ್ಟೆ ತರಲು ಒಳಗೆ ಹೋದಳು.